ಅವರ ಸಂಖ್ಯೆ, ನನ್ನ ಪುಟ

ನಮ್ಮ ಮನೆಯವರಿಗೆ ಡಿಪೋದವರು ಇಟ್ಟ ಹೆಸರು ನಿಧಾನಪ್ಪ. ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿ ಒಂದು ಕೋಳಿಮರಿಗೂ ಚಕ್ರ ತಾಗಿಸದ ಮನುಷ್ಯ. ಆದರೆ ಅವರ ಬಸ್ಸು ಹತ್ತಿದವರು ಹೊತ್ತಿಗೆ ಸರಿಯಾಗಿ ಆಫೀಸು ಮುಟ್ಟಿದ್ದನ್ನು ನಾನಂತೂ ಕೇಳಿಲ್ಲ. ದೂರದಲ್ಲಿ ಯಾರಾದರೂ ಕೈ ಬೀಸಿದರೆ ನಿಲ್ಲಿಸುತ್ತಾರೆ. ಸುಮ್ಮನೆ ತಲೆ ಕೆರೆದುಕೊಂಡರೂ ನಿಲ್ಲಿಸುತ್ತಾರೆ. ಹದಿನಾಲ್ಕನೇ ನಂಬರಿನ ದಾರಿಯಲ್ಲಿ ಒಂದು ಉದ್ದನೆಯ ಸೇತುವೆಯಿದೆ. ಬೆಳಗಿನ ಮೊದಲ ಸುತ್ತಿನಲ್ಲಿ ನೀರಿನ ಮೇಲೆ ಬೆಳಕು ಬೀಳುವ ಹೊತ್ತಿಗೆ ಅಲ್ಲಿಗೆ ಬಂದು, ಎರಡನೇ ಗೇರಿಗಿಳಿಸಿ, ತೊಟ್ಟಿಲು ತೂಗಿದ ಹಾಗೆ ದಾಟಿಸುತ್ತಾರೆ. ಹಿಂದೆ ಕೂತವರು ಮೊದಲು ಗೊಣಗುತ್ತಾರೆ, ಆಮೇಲೆ ಅವರೂ ಕಿಟಕಿಯಾಚೆ ನೋಡುತ್ತಾ ಸುಮ್ಮನಾಗುತ್ತಾರೆ.

ನಾನೂ ಹಾಗೆ ಗೊಣಗಿ ಸುಮ್ಮನಾದವಳೇ. ಆಗ ಬೈಂಡಿಂಗ್ ಅಂಗಡಿಗೆ ಹೊಸದಾಗಿ ಸೇರಿದ್ದೆ. ದಿನಾ ತಡ, ದಿನಾ ಮಾಲೀಕರ ಬೈಗುಳ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ ಅಷ್ಟೇ. ಒಂದು ದಿನ ಡ್ರೈವರ್ ಸೀಟಿನ ಪಕ್ಕ ನಿಂತು, "ನಿಮಗೆ ಬಸ್ಸು ಓಡಿಸೋ ಕೆಲಸ ಕೊಟ್ಟ ಪುಣ್ಯಾತ್ಮ ಯಾರು ರೀ?" ಎಂದು ಕೇಳಿಯೇಬಿಟ್ಟೆ. ತಿರುಗಿ ನೋಡದೆ, "ನಿಮ್ಮ ಸ್ಟಾಪು ಬೇಗ ಬರೋದು ನನಗಿಷ್ಟ ಇಲ್ಲ" ಅಂದರು. ಬೆಪ್ಪುತಕ್ಕಡಿ ಹಾಗೆ ನಿಂತುಬಿಟ್ಟೆ. ಆ ಒಂದು ಮಾತಿಗೆ ಬಿದ್ದು ಇಪ್ಪತ್ತೇಳು ವರ್ಷವಾಯಿತು.

ಮಕ್ಕಳಿಲ್ಲ. ಎರಡು ಕೋಣೆಯ ಮನೆ, ಹಿಂಬಾಗಿಲಿಗೆ ಎರಡು ಮೆಟ್ಟಿಲು, ಆ ಮೆಟ್ಟಿಲ ಮೇಲೆ ಸಂಜೆ ನಾವಿಬ್ಬರು, ಎರಡು ಲೋಟ. ರಜೆಯ ಮಧ್ಯಾಹ್ನ ಮಲಗಿದರೆ ಅವರ ಎಡಗಾಲು ಕ್ಲಚ್ಚು ತುಳಿಯುತ್ತದೆ, ಕೈ ನನ್ನ ಮೊಣಕೈ ಹಿಡಿದು ಗೇರು ಬದಲಿಸುತ್ತದೆ. "ಸ್ಟಾಪು ಬಂತು, ಇಳೀರಿ" ಎಂದು ನಾನು ಕಿವಿಯಲ್ಲಿ ಹೇಳಿದರೆ ನಿದ್ದೆಯಲ್ಲೇ ಬ್ರೇಕು ಒತ್ತುತ್ತಾರೆ. ಬಸ್ಸು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಲೋಕವಿಲ್ಲ.

ಶುಗರ್ ಮೊದಲು ಬಂದದ್ದು ಅವರಿಗೆ. ಆರು ತಿಂಗಳಿಗೆ ನನಗೂ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಇಬ್ಬರಿಗೂ ಆನ್‌ಲೈನಿನಲ್ಲಿ ಒಂದೊಂದು ಪುಟ ಮಾಡಿಸಿಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಬೇಕು, ಬಂದ ಸಂಖ್ಯೆಯನ್ನು ಆ ಪುಟಕ್ಕೆ ಹಾಕಬೇಕು. ತಿಂಗಳಿಗೊಮ್ಮೆ ಡಾಕ್ಟರಮ್ಮ ಅಲ್ಲಿಂದಲೇ ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡುತ್ತಾರೆ. "ನಿಮ್ಮ ಪುಟ ನೀವೇ ನೋಡ್ಕೋಬೇಕಮ್ಮಾ" ಎಂದು ಡಾಕ್ಟರಮ್ಮ ನನಗೆ ಬೆರಳು ತೋರಿಸಿಯೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ದಿನ ಊರಿನವರ ಪುಟ ಮಡಿಸುವವಳಿಗೆ ಮನೆಗೆ ಬಂದು ಇನ್ನೊಂದು ಪುಟ ಯಾರಿಗೆ ಬೇಕು? ನನ್ನದು ಗುಂಡಿ ಒತ್ತುವ ಹಳೇ ಫೋನು. ಅವರದು ದೊಡ್ಡ ಫೋನು. ಎರಡೂ ಪುಟ ಅವರೇ ಬರೆಯಲಿ ಎಂದು ಬಿಟ್ಟುಬಿಟ್ಟೆ. ದಿನಾ ಬೆಳಿಗ್ಗೆ ನಾನು ಬೆರಳು ಚಾಚುತ್ತಿದ್ದೆ, ಅವರು ಒರೆಸಿ, ಚುಚ್ಚಿ, ಫೋನಿಗೆ ಒತ್ತುತ್ತಿದ್ದರು.

ಆಗ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು ಎಂದು ಕಥೆ ಎಳೆಯುವುದು ನನ್ನಿಂದಾಗದು. ಈಗಲೇ ಹೇಳಿಬಿಡುತ್ತೇನೆ. ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಡಿಪೋದಲ್ಲಿ ತಪಾಸಣೆ ಇರುತ್ತದೆ. ಹೋದ ವರ್ಷದಿಂದ ಅಲ್ಲಿಯ ಡಾಕ್ಟರು ಈ ಪುಟವನ್ನೂ ತೆರೆಸಿ ನೋಡುತ್ತಾರೆ. ಶುಗರ್ ಮೇಲೇ ನಿಂತಿದ್ದರೆ ಸ್ಟೀರಿಂಗ್ ಬಿಡಿಸಿ ಟೈಮ್ ಕೀಪರ್ ಕೋಣೆಯಲ್ಲಿ ಕೂರಿಸುತ್ತಾರೆ. ಇವರ ಶುಗರ್ ಏರತೊಡಗಿತ್ತು. ಒಂದು ಬೆಳಿಗ್ಗೆ ಸುಳ್ಳು ಸಂಖ್ಯೆ ಒತ್ತಲು ಹೋದರಂತೆ, ಕೈ ಬರಲಿಲ್ಲವಂತೆ. ಮಹಾ ಸತ್ಯವಂತರು! ಅದಕ್ಕೆ ಏನು ಮಾಡಿದರು ಎಂದರೆ, ತಮ್ಮ ಸಂಖ್ಯೆಯನ್ನು ನನ್ನ ಪುಟಕ್ಕೆ ಹಾಕಿದರು, ನನ್ನ ಸಂಖ್ಯೆಯನ್ನು ತಮ್ಮ ಪುಟಕ್ಕೆ. ಎರಡೂ ನಿಜವಾದ ಸಂಖ್ಯೆಗಳೇ ತಾನೇ, ಇದೇ ಮನೆಯವೇ ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಆರು ತಿಂಗಳು ಹಾಗೇ ನಡೆಸಿದರು. ಡಾಕ್ಟರಮ್ಮನ ಕಣ್ಣಿಗೆ ನನ್ನ ಶುಗರ್ ಏರುತ್ತಾ ಹೋಯಿತು. ಎರಡು ಸಲ ನನ್ನ ಮಾತ್ರೆ ಹೆಚ್ಚಿಸಿದರು. ಮಾತ್ರೆ ನೋಡಲು ಅದೇ ಬಿಳಿ, ಅದೇ ದುಂಡು. ಒಳಗಿನ ಶಕ್ತಿ ಮಾತ್ರ ಜಾಸ್ತಿ.

ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬುವುದು ನನ್ನ ಕೆಲಸ. ದಿನಕ್ಕೊಂದರಂತೆ ಏಳು ಮನೆಗಳಿರುವ ಎರಡು ಡಬ್ಬಿ, ಎರಡೂ ಒಂದೇ ಥರ, ತಳದಲ್ಲಿ ನಾನೇ ಅಂಟಿಸಿದ ಚೀಟಿ: ಒಂದಕ್ಕೆ ಅವರದು, ಒಂದಕ್ಕೆ ನನ್ನದು. ಭಾನುವಾರ ಸಂಜೆ ತುಂಬಿ, ಅವರದನ್ನು ಕಪಾಟಿನ ಎಡಕ್ಕೆ, ನನ್ನದನ್ನು ಬಲಕ್ಕೆ ಇಡುತ್ತಿದ್ದೆ. ಸೋಮವಾರ ಎದ್ದು ನೋಡಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಪ್ರತಿ ವಾರ ಇದೇ ಗೋಳು. ತೆಗೆದದ್ದನ್ನು ತೆಗೆದಲ್ಲಿ ಇಡಲು ಈ ಗಂಡಸರಿಗೆ ಯಾವ ಜನ್ಮದಲ್ಲಿ ಬರುತ್ತದೋ ಎಂದು ಗೊಣಗಿ, ಅವರು ಏಳುವ ಮೊದಲೇ ಸರಿಮಾಡಿ ಇಡುತ್ತಿದ್ದೆ.

ಆ ದಿನಗಳಲ್ಲೇ ನನಗೆ ಹನ್ನೊಂದು ಗಂಟೆ ಶುರುವಾದದ್ದು.

ನಮ್ಮ ಅಂಗಡಿಯಲ್ಲಿ ಕೆಲಸದ ಮೇಜು ಉದ್ದಕ್ಕೆ ಕಿಟಕಿಯ ಕೆಳಗಿದೆ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟ ಮಾಡಿದರೆ ಅದೊಂದು ಫಾರಂ. ಫಾರಂಗಳನ್ನು ಒಂದಾದ ಮೇಲೊಂದು ಕ್ರಮವಾಗಿ ಜೋಡಿಸಿ, ಬೆನ್ನು ಹೊಲಿದು, ಅಂಟಕ್ಕನ ಕಡೆ ತಳ್ಳುವುದು ನನ್ನ ಪಾಲಿನದು. ಅಂಟಕ್ಕ ಎಂದರೆ ಹತ್ತೊಂಬತ್ತು ವರ್ಷದಿಂದ ಪುಸ್ತಕಗಳ ಬೆನ್ನಿಗೆ ಅಂಟು ಬಳಿಯುತ್ತಾ ಬಂದವಳು, ಬಾಯಿ ಮಾತ್ರ ಯಾವತ್ತೂ ಅಂಟಿಕೊಂಡದ್ದಿಲ್ಲ. ಒಂದು ದಿನ ಅವಳು ಏನೋ ಹೇಳುತ್ತಿದ್ದಳು. ಅವಳ ದನಿ ಮೆಲ್ಲಗೆ ದೂರ ಸರಿಯಿತು. ಕಿಟಕಿಯ ಬೆಳಕಿನಲ್ಲಿ ಕಾಗದದ ಧೂಳು ಏಳುತ್ತಿತ್ತು, ಇಳಿಯುತ್ತಿತ್ತು. ಮೇಜಿನ ಮೇಲಿನ ಹಾಳೆಗಳ ರಾಶಿ ಉಸಿರಾಡುತ್ತಿದೆ ಅನ್ನಿಸಿತು. ನನ್ನ ಕೈಗಳು ಎಲ್ಲೋ ದೂರದಲ್ಲಿ, ಬೇರೆ ಯಾರದೋ ಕೈಗಳಂತೆ, ತಮ್ಮ ಪಾಡಿಗೆ ಮಡಿಸುತ್ತಿದ್ದವು. ಹಾಳೆಯ ಮೇಲಿನ ಅಕ್ಷರಗಳು ಅರ್ಥ ಬಿಟ್ಟುಕೊಟ್ಟು ಬರೀ ಕಪ್ಪು ಗೆರೆಗಳಾಗಿ ಸಾಲಾಗಿ ನಡೆದು ಹೋಗುತ್ತಿದ್ದವು. ಎಷ್ಟು ಚೆನ್ನಾಗಿತ್ತು! ಆ ಕಡೆಯ ಕಟಿಂಗ್ ಮಿಷನ್ ಧಡ್ ಎಂದದ್ದು ಯಾರೋ ಪಕ್ಕದ ಕೋಣೆಯ ಬಾಗಿಲನ್ನು, ನನ್ನ ನಿದ್ದೆ ಕೆಡಬಾರದೆಂದು, ಹುಷಾರಾಗಿ ಮುಚ್ಚಿದ ಹಾಗೆ ಕೇಳಿಸಿತು.

ಆಮೇಲೆ ಅಂಟಕ್ಕ ಚಹಾ ತಂದಿಟ್ಟಳು. ಎರಡು ಗುಟುಕು ಕುಡಿಯುತ್ತಿದ್ದಂತೆ ಎಲ್ಲವೂ ಸರಸರನೆ ತಮ್ಮ ಜಾಗಕ್ಕೆ ಬಂದು ಕೂತವು. ಧೂಳು ಧೂಳಾಯಿತು, ಅಂಟಕ್ಕ ಮತ್ತೆ ಅಂಟಕ್ಕನೇ ಆದಳು. ನನಗೆ ಆ ಚಹಾದ ಮೇಲೆ ಸಿಟ್ಟು ಬಂತು.

ಅಂದಿನಿಂದ ವಾರಕ್ಕೆ ಮೂರು ನಾಲ್ಕು ಸಲ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೊದಲು ಅಂಗೈ ಒದ್ದೆಯಾಗುತ್ತಿತ್ತು, ತುಟಿ ಜುಮ್ಮೆನ್ನುತ್ತಿತ್ತು, ಆಮೇಲೆ ತೇಲಿಕೊಂಡು ಹೋಗುತ್ತಿದ್ದೆ. ಒಮ್ಮೆ ಅಂಗಡಿಯ ನೆಲದಡಿಯಲ್ಲಿ ಹೊಳೆ ಹರಿಯುವುದು ಕೇಳಿಸಿತು. ಒಮ್ಮೆ ನಮ್ಮಮ್ಮ, ಸತ್ತು ಹನ್ನೆರಡು ವರ್ಷವಾದವಳು, ನನ್ನ ಹಿಂದೆ ನಿಂತು ಜಡೆ ಬಿಚ್ಚಿ ಸಿಕ್ಕು ಬಿಡಿಸಿದಳು. ಹಣಿಗೆ ಎಳೆದದ್ದು ನೆತ್ತಿಗೆ ತಿಳಿಯುತ್ತಿತ್ತು. "ಎಷ್ಟು ಉದುರಿದೆಯೇ" ಎಂದಳು. "ಇಷ್ಟಾದರೂ ಇದೆಯಲ್ಲ ಬಿಡಮ್ಮ" ಎಂದೆ. ಅಷ್ಟೇ ಮಾತು. ಐವತ್ತೊಂದನೇ ವಯಸ್ಸಿಗೆ ಕೂತಲ್ಲೇ ಇಂಥ ಸುಖ ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಇದು ವಯಸ್ಸಿನ ಒಂದು ಉಡುಗೊರೆ ಅಂದುಕೊಂಡೆ.

ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಇವರಿಗೆ ಹೇಳುತ್ತಿದ್ದೆ. ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ದಿನಾ ಬಂದ ಕೂಡಲೇ, ಬೂಟು ಬಿಚ್ಚುವ ಮೊದಲೇ, "ಇವತ್ತು ಏನು ಕಂಡೆ?" ಎಂದು ಕೇಳುವುದು ರೂಢಿಯಾಯಿತು. ಹೊಳೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿತ್ತು, ಅಮ್ಮ ಯಾವ ಸೀರೆ ಉಟ್ಟಿದ್ದರು ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. "ಸೇತುವೆ ಮೇಲೆ ನನಗೂ ಒಂದೊಂದು ಸಲ ಹಾಗೇ ಆಗುತ್ತೆ ಕಣೇ, ಎದುರಿಗಿನ ಬೋರ್ಡೆಲ್ಲ ಮಂಜು ಮಂಜು" ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲೂ ನಾವು ಅಷ್ಟು ಮಾತಾಡಿದವರಲ್ಲ. ಡಾಕ್ಟರಮ್ಮ ಎರಡನೇ ಸಲ ಮಾತ್ರೆ ಹೆಚ್ಚಿಸಿದಾಗ, ತಲೆಸುತ್ತು ಏನಾದರೂ ಇದ್ದರೆ ತಿಳಿಸಿ ಎಂದು ಬರೆದಿದ್ದರು. ಇವರು ಓದಿ ಹೇಳಿದರು. "ತಲೆಸುತ್ತು ಯಾಕೆ ಇರುತ್ತೆ, ನಾನು ಹಾಯಾಗಿದ್ದೀನಿ ಅಂತ ಬರೀರಿ" ಎಂದೆ. ಹಾಗೇ ಬರೆದರು. ಆ ತಪ್ಪು ನನ್ನದೇ.

ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನನ್ನ ಕೈಯಿಂದ ಕೆಟ್ಟ ಕೆಲಸ ಬಂತು. ಶಾಲೆಯ ಗಣಿತದ ಪುಸ್ತಕ, ಐವತ್ತು ಪ್ರತಿಯಲ್ಲಿ ಐದನೇ ಫಾರಂ ತಲೆಕೆಳಗು. "ಮಕ್ಕಳು ತಲೆ ಕೆಳಗೆ ಮಾಡಿ ಗುಣಾಕಾರ ಕಲೀಲಿ ಅಂತಾನಾ?" ಎಂದು ಅಂಟಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಲೀಕರು ನಗಲಿಲ್ಲ, ಬೈಯಲೂ ಇಲ್ಲ. ಹೊಲಿಗೆ ಬಿಚ್ಚಲು ಹೇಳಿ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅದಾಗಿ ಎಂಟು ದಿನಕ್ಕೆ, ಮತ್ತೆ ಹನ್ನೊಂದರ ಹೊತ್ತಿಗೆ, ಕಟಿಂಗ್ ಮಿಷನ್ನಿಗೆ ಪುಸ್ತಕ ಒಡ್ಡುತ್ತಾ ನಿಂತಿದ್ದೆ. ಅಲಗಿನ ಮೇಲೆ ಬಿಸಿಲು ಬಿದ್ದು ಒಂದು ಬಿಳಿಯ ಗೆರೆ ಅತ್ತಿತ್ತ ಓಡಾಡುತ್ತಿತ್ತು. ಮುಟ್ಟಿದರೆ ತಣ್ಣಗಿರುತ್ತದೆ ಅನ್ನಿಸಿತು. ಸುತ್ತ ಎಲ್ಲ ನಿಶ್ಶಬ್ದ. ನಾನು ಬಲಗೈ ಚಾಚಿದೆ. ಅಷ್ಟರಲ್ಲಿ ಯಾರೋ ಸೊಂಟ ಹಿಡಿದು ಹಿಂದಕ್ಕೆ ಎಳೆದರು, ಇಬ್ಬರೂ ಧೊಪ್ಪೆಂದು ನೆಲಕ್ಕೆ ಬಿದ್ದೆವು, ಎದುರಿಗೆ ಅಲಗು ಕೆಳಗಿಳಿದು ಮೇಲೆ ಹೋಯಿತು. ಅಂಟಕ್ಕನ ಬಾಯಲ್ಲಿ ಮಾತೇ ಇಲ್ಲ. ಅವಳ ಅಂಟಿನ ಕೈಗಳು ನನ್ನ ಸೆರಗಿಗೆ ಅಂಟಿಕೊಂಡಿದ್ದವು. ಆಗಲೂ ನನಗೆ ಭಯವಾಗಲಿಲ್ಲ. ಯಾಕೆ ಎಬ್ಬಿಸಿದಳೋ ಎಂದು ಬೇಸರವಾಯಿತು. ಅದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ಮಾಲೀಕರು ನನ್ನ ತಂಗಿಗೆ ಫೋನು ಮಾಡಿದರು. ಅವಳು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ, ಅಂಗಡಿಯಿಂದ ಎರಡು ಸ್ಟಾಪು ಆಚೆ ಮನೆ. ಬಂದವಳೇ ನನ್ನನ್ನು ನೇರವಾಗಿ ತನ್ನ ಮನೆಗೆ ಕರೆದುಕೊಂಡು ಹೋದಳು. ಮಾತ್ರೆಯ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು, ಬೆರಳು ಚುಚ್ಚುವ ಮಿಷನ್ನೂ ಅಲ್ಲೇ. ಸಂಜೆ ಡ್ಯೂಟಿ ಮುಗಿಸಿ ಬಂದ ಇವರು ಎರಡು ಸೀರೆ, ಒಂದು ಸ್ವೆಟರು, ನನ್ನ ಕನ್ನಡಕ, ನಾನು ಕೇಳದ ಒಂದು ಛತ್ರಿ ತಂದರು. ಡಬ್ಬಿ ತರಲು ಮರೆತರು. ತಲೆ ಸುತ್ತಿ ಬಿದ್ದೆ ಎಂದಷ್ಟೇ ಹೇಳಿದೆ, ಅಲಗಿನ ಸುದ್ದಿ ಎತ್ತಲಿಲ್ಲ. ಅವತ್ತು ಅವರು ಏನು ಕಂಡೆ ಎಂದು ಕೇಳಲಿಲ್ಲ. ಮಂಚದ ಅಂಚಿಗೆ ಕೂತು ನನ್ನ ಪಾದ ಹಿಡಿದುಕೊಂಡೇ ಇದ್ದರು.

ಮೂರು ದಿನ ತಂಗಿಯ ಮನೆಯಲ್ಲಿದ್ದೆ. ಹನ್ನೊಂದು ಗಂಟೆ ಬಂತು, ಹೋಯಿತು. ಗೋಡೆ ಗೋಡೆಯಾಗಿಯೇ ಇತ್ತು. ಮೂರನೇ ಸಂಜೆ ತಂಗಿ ಚಾಪೆಯ ಮೇಲೆ ಕೂತು, "ಅಕ್ಕಾ, ನಿನ್ನ ಆಸ್ಪತ್ರೆ ಪುಟ ನೀನು ಒಂದು ಸಲನಾದ್ರೂ ನೋಡಿದ್ದೀಯಾ?" ಎಂದಳು. ಇಲ್ಲವೆಂದೆ. "ಚೆನ್ನಾಗಿದೆ! ಊರಿನವರ ಪುಸ್ತಕ ಎಲ್ಲ ತಿರುಗಿಸ್ತೀಯ" ಎಂದು, ನನ್ನ ಚೀಲದಲ್ಲಿದ್ದ ಆಸ್ಪತ್ರೆಯ ಚೀಟಿಯ ಮೇಲಿನ ನಂಬರು ಒತ್ತಿ, ನನ್ನ ಫೋನಿಗೆ ಬಂದ ಅಂಕಿಗಳನ್ನು ನನ್ನ ಬಾಯಿಂದ ಹೇಳಿಸಿಕೊಂಡು ಪುಟ ತೆರೆದಳು.

"ಅಯ್ಯೋ, ಇವತ್ತು ಬೆಳಿಗ್ಗೆ ಇಷ್ಟೊಂದು ಇತ್ತಾ? ಮುನ್ನೂರ ಐದು ಅಂತೆ!"

"ಯಾರದ್ದೇ?"

"ನಿನ್ನದೇ. ನಿನ್ನೆ ಇನ್ನೂರ ತೊಂಬತ್ತೊಂದು. ಮೊನ್ನೆ ಇನ್ನೂರ ಎಂಬತ್ತು."

"ನಾನು ಇಲ್ಲಿ ಬೆರಳೇ ಚುಚ್ಚಿಕೊಂಡಿಲ್ವಲ್ಲೇ" ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಮ್ಮ ಮನೆಯಲ್ಲಿ ಇರುವುದು ಇಬ್ಬರೇ. ಆ ಮನೆಯಲ್ಲಿ ಈ ಮೂರು ದಿನ ಬೆಳಿಗ್ಗೆ ಬೆರಳು ಚುಚ್ಚಿಕೊಂಡವರು ಒಬ್ಬರೇ. ತಂಗಿಗೂ ಹೊಳೆಯಿತು. "ಭಾವ ಇದೇನು..." ಎಂದು ಬಾಯಿ ತೆಗೆದಳು. "ನೀನು ಸುಮ್ಮನಿರು. ನಮ್ಮ ಮನೆಯವರನ್ನ ಬೈಯೋಕೆ ನಾನಿದ್ದೀನಿ" ಎಂದೆ. ಅವಳ ಕೈಯಿಂದ ಫೋನು ತೆಗೆದುಕೊಂಡು ಹಿಂದಕ್ಕೆ ಹಿಂದಕ್ಕೆ ಸರಿಸುತ್ತಾ ಹೋದೆ. ಆರು ತಿಂಗಳು. ಅವರು ಹಗಲು ರಾತ್ರಿ ಎರಡೂ ಪಾಳಿ ಮಾಡಿ ಹೊತ್ತುಗೊತ್ತಿಲ್ಲದೆ ಉಂಡ ವಾರ, ಶೀತಜ್ವರದಲ್ಲಿ ಮಲಗಿದ ವಾರ, ಎಲ್ಲವೂ ನನ್ನ ಪುಟದಲ್ಲಿ ಗೆರೆಯಾಗಿ ಎದ್ದು ನಿಂತಿದ್ದವು. ಅವರ ಮೈಯನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಕೋಪ ಬಂತು, ಅದಕ್ಕಿಂತ ಮೊದಲು ಅಳು ಬಂತು.

ಮರುದಿನ ಅವರಿಗೆ ವಾರದ ರಜೆ. ಬೆಳಿಗ್ಗೆ ಬೇಗನೆ ತಂಗಿ ನನ್ನನ್ನು ಬಾಗಿಲಿಗೆ ಬಿಟ್ಟು ಕೆಲಸಕ್ಕೆ ಹೋದಳು. ಇವರು ಅಡುಗೆಮನೆಯ ಮೇಜಿನ ಮುಂದೆ ಫೋನು, ಮಿಷನ್ನು ಇಟ್ಟುಕೊಂಡು ಕೂತಿದ್ದರು.

"ನಾನಿಲ್ಲದ ಮೂರು ದಿನ ನನ್ನ ಬೆರಳು ಮಾತ್ರ ಮನೆಗೆ ಬಂದು ಚುಚ್ಚಿಸ್ಕೊಂಡು ಹೋಯ್ತಾ?" ಎಂದೆ.

ಅವರು ಸುಳ್ಳು ಹೇಳಲಿಲ್ಲ, ಅಷ್ಟು ಮೆಚ್ಚಬೇಕು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಕೊನೆಗೆ, "ಆದ್ರೆ ನಿನಗೆ ತೊಂದ್ರೆ ಆಗಬಾರದು ಅಂತ ಮಾತ್ರೆ ನಾನೇ ನುಂಗ್ತಿದ್ದೆ ಕಣೇ. ಜಾಸ್ತಿ ಶಕ್ತಿದು ನಾನು ತಗೊಳ್ತಿದ್ದೆ. ಪ್ರತಿ ಭಾನುವಾರ ನೀನು ತುಂಬಿದ ಮೇಲೆ ಡಬ್ಬಿ ಅದಲುಬದಲು ಮಾಡಿ ಇಡ್ತಿದ್ದೆ" ಎಂದರು.



"ಸೋಮವಾರ ಬೆಳಿಗ್ಗೆ ನಾನು ಸರಿ ಮಾಡಿ ಇಡ್ತಿದ್ದೆನಲ್ಲಾ ರೀ."

"ಏನು ಸರಿ ಮಾಡ್ತಿದ್ದೆ?"

"ಡಬ್ಬೀನ. ನಿಮ್ಮದು ನಿಮ್ಮ ಕಡೆ, ನನ್ನದು ನನ್ನ ಕಡೆ. ಚೀಟಿ ನೋಡಿ. ಪ್ರತಿ ವಾರ."

ಅವರು ಕಪಾಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದ ಮೇಲೆ ಮೆಲ್ಲಗೆ ಇಳಿದು ಬಂದದ್ದು ಕಂಡಿತು.

"ಹಾಗಾದ್ರೆ ನೀನು ಕಾಣ್ತಿದ್ದಿದ್ದು... ಅಮ್ಮ, ಹೊಳೆ..."

"ಅದೇ ಮಾತ್ರೆ" ಎಂದೆ.

"ನಾನು ದಿನಾ ಕೂತು ಕೇಳ್ತಿದ್ದೆನಲ್ಲೇ" ಎಂದರು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು.

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಎಲ್ಲಿ ಹೋದವೋ. ಮಿಷನ್ನನ್ನು ನನ್ನ ಕಡೆಗೆ ಎಳೆದುಕೊಂಡು ನನ್ನ ಬೆರಳನ್ನು ನಾನೇ ಚುಚ್ಚಿಕೊಂಡೆ. ಮೂರು ದಿನ ಮಾತ್ರೆಯಿಲ್ಲದ ಮೈ, ನೂರ ಅರವತ್ತೆಂಟು ತೋರಿಸಿತು. ಫೋನಿನಲ್ಲಿ ನನ್ನ ಪುಟ ಎಲ್ಲಿದೆ ಎಂದು ಕೇಳಿ, ಒಂದೊಂದೇ ಅಂಕಿ ಹುಡುಕಿ ಒತ್ತಿದೆ. ಆಮೇಲೆ ಅವರ ಬೆರಳು ಹಿಡಿದು ಚುಚ್ಚಿದೆ. ಮುನ್ನೂರ ಹನ್ನೆರಡು.

"ನಿಮ್ಮದು ನೀವೇ ಒತ್ತಿ" ಎಂದೆ.

ಹೆಬ್ಬೆರಳು ಗಾಜಿನ ಮೇಲೆ ನಿಂತುಬಿಟ್ಟಿತು. "ಗುರುವಾರ ತಪಾಸಣೆ. ಅದೊಂದು ಮುಗೀಲಿ. ಇದು ಕಂಡ್ರೆ ಬಸ್ಸು ಹೋಯ್ತು, ಗೊತ್ತಲ್ಲ ನಿನಗೆ? ಆ ಕೋಣೇಲಿ ಕೂತು ಬೇರೆಯವರ ಬಸ್ಸು ಹೊರಟ ಹೊತ್ತು ಬರ್ಕೊಳ್ಳೋದಕ್ಕಿಂತ..."

"ನಿಮ್ಮ ಬೆನ್ನ ಹಿಂದೆ ನಲವತ್ತು ಜನ ಕೂತಿರ್ತಾರೆ. ಬೋರ್ಡು ಮಂಜಾಗುತ್ತೆ ಅಂತ ನೀವೇ ಹೇಳಿದ್ರಿ. ಸೇತುವೇನೂ ಮಂಜಾದ್ರೆ?"

ಅವರು ಫೋನು ಕೆಳಗಿಟ್ಟರು. ಹೊರಗೆ ಹಾಲಿನವನ ಸೈಕಲ್ಲು ಬಂದು ಹೋಯಿತು. ಕೊನೆಗೆ ಕೇಳಿದರು, "ನಿನ್ನೆ ಸ್ಟಾಪಿನಲ್ಲಿ ಅಂಟಕ್ಕ ಸಿಕ್ಕಿದ್ಲು. ಅಲಗಿನ ಕೆಳಗೆ ಕೈ ಹೋಗಿತ್ತಂತೆ. ಯಾವ ಕೈ?"

"ಬಲಗೈ."

ನನ್ನ ಬಲಗೈಯನ್ನು ತೆಗೆದುಕೊಂಡು ಮೇಜಿನ ಮೇಲೆ ಬಿಡಿಸಿಟ್ಟರು. ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಒಂದೊಂದನ್ನೂ ಮುಟ್ಟಿ ನೋಡಿದರು. ಆಮೇಲೆ ಫೋನು ಎತ್ತಿಕೊಂಡು ತಮ್ಮ ಪುಟದಲ್ಲಿ ಮುನ್ನೂರ ಹನ್ನೆರಡು ಒತ್ತಿದರು. ಅದರ ಕೆಳಗೆ ಡಾಕ್ಟರಮ್ಮನಿಗೆ ಬರೆಯುವ ಜಾಗದಲ್ಲಿ ಆರು ತಿಂಗಳದ್ದನ್ನೂ ಬರೆದರು. ನಿಧಾನಪ್ಪನಲ್ಲವೇ, ಒಂದು ಗಂಟೆ ಹಿಡಿಯಿತು. ನಾನು ಪಕ್ಕದಲ್ಲೇ ಕೂತಿದ್ದೆ.

ಮಧ್ಯಾಹ್ನದ ಒಳಗೆ ಡಾಕ್ಟರಮ್ಮನ ಫೋನು ಬಂತು. ಅವರು ಕೂಗಿ ಮಾತಾಡುವವರಲ್ಲ, ಅವತ್ತು ನನ್ನವರೆಗೂ ಕೇಳಿಸಿತು.

"ಇಷ್ಟು ದಿನ ಈ ಶುಗರ್ ಇಟ್ಕೊಂಡು ಬಸ್ಸು ಓಡಿಸ್ತಾ ಇದ್ದೋರು ನೀವಾ?"

ಇವರು ಕುರ್ಚಿಯಿಂದ ಎದ್ದು ನಿಂತರು. "ಹೌದು ಡಾಕ್ಟ್ರೇ, ನಾನೇ. ನಾಳೆಯಿಂದ ಓಡಿಸಲ್ಲ."

ಆ ಕಡೆಯಿಂದ ಅವರು ಮತ್ತೇನೋ ಶುರುಮಾಡಿದರು. ಇವರು ನಡುವೆಯೇ ತಡೆದರು. ಇಪ್ಪತ್ತೇಳು ವರ್ಷದಲ್ಲಿ ಇವರು ಇನ್ನೊಬ್ಬರ ಮಾತು ತಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

"ನನ್ನದು ಆಮೇಲೆ ಹೇಳಿ ಡಾಕ್ಟ್ರೇ. ಮೊದಲು ಇವಳ ಮಾತ್ರೆ ಎಷ್ಟು ಅಂತ ಹೇಳಿ, ಇವಳೇ ಬರ್ಕೊಳ್ತಾಳೆ" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.